ಮನೆಯ ಕಂಪ್ಯೂಟರನ್ನು ಲಿನಕ್ಸ್‌ಗೆ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಅಳವಡಿಸಿಕೊಳ್ಳಬೇಕೆಂದು ಯೋಚಿಸುತ್ತಿರುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಅಳವಡಿಕೆ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಅದಕ್ಕೆ ಮುಂಚಿನ ತಯಾರಿಗೆ ಒಂದೆರಡು ವಾರ ಹಿಡಿಯಬಹುದು. ತೊಂದರೆಗೆ ಸಿಲುಕುವವರಲ್ಲಿ ಹೆಚ್ಚಿನವರು ಆ ತಯಾರಿಯನ್ನು ಬಿಟ್ಟವರೇ ಆಗಿರುವುದರಿಂದ ಇಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡಲಾಗಿದೆ.

ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಯಾರದ್ದು? ಅದನ್ನು ಯಾರು ನಡೆಸುತ್ತಾರೆ?

ಲಿನಕ್ಸ್ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. ಅಂದರೆ, ಯಾರು ಬೇಕಾದರೂ ಸೋರ್ಸ್ ಕೋಡನ್ನು (ತಂತ್ರಾಂಶದ ಮೂಲ ಬರಹವನ್ನು) ಓದಬಹುದಾದ, ತಿದ್ದಬಹುದಾದ ಮತ್ತು ಇತರರಿಗೆ ಹಂಚಬಹುದಾದ ಆಪರೇಟಿಂಗ್ ಸಿಸ್ಟಂ ಇದು. ಇಂಥದ್ದೊಂದನ್ನು ಕಟ್ಟುವ ಉದ್ದೇಶದಿಂದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲನ್ನು (ಹಾರ್ಡ್‌ವೇರ್ ಮತ್ತು ತಂತ್ರಾಂಶಗಳ ನಡುವೆ ಕೆಲಸ ಮಾಡುವ, ಆಪರೇಟಿಂಗ್ ಸಿಸ್ಟಂನ ತಿರುಳನ್ನು) ಬರೆದು, ಮರುವರ್ಷ ಅದನ್ನು, ತಿದ್ದಿ ಹಂಚುವವರೂ ಕೋಡನ್ನು ತೆರೆದಿಡಬೇಕೆನ್ನುವ ಜಿಪಿಎಲ್ ಪರವಾನಗಿಯ ಅಡಿಯಲ್ಲಿ ಬಿಡುಗಡೆ ಮಾಡಿದರು. ಕರ್ನೆಲ್ಲೊಂದರಿಂದಲೇ ಮನೆಯ ಬಳಕೆದಾರರಿಗೆ ಪ್ರಯೋಜನವಿಲ್ಲ. ಕರ್ನೆಲ್, ಡೆಸ್ಕ್‌ಟಾಪ್, ಬ್ರೌಸರ್, ಅಪ್‌ಡೇಟ್ ವ್ಯವಸ್ಥೆ ಎಲ್ಲವನ್ನೂ ಒಟ್ಟುಗೂಡಿಸಿ ಕೊಡುವ ಸಿದ್ಧ ರೂಪಕ್ಕೆ ಡಿಸ್ಟ್ರಿಬ್ಯೂಷನ್, ಬಳಕೆದಾರರ ಮಾತಿನಲ್ಲಿ ಡಿಸ್ಟ್ರೋ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಡೆಬಿಯನ್ ಅನ್ನು ಸ್ವಯಂಸೇವಕರ ಸಮುದಾಯವೇ ನಡೆಸುತ್ತದೆ; 2004ರಲ್ಲಿ ಬಂದ ಉಬುಂಟುವಿನ ಹಿಂದೆ ಕೆನೋನಿಕಲ್ ಎಂಬ ಸಂಸ್ಥೆಯಿದೆ; 2006ರಲ್ಲಿ ಶುರುವಾದ ಲಿನಕ್ಸ್ ಮಿಂಟ್ ಉಬುಂಟುವಿನ ಮೇಲೆ ಕಟ್ಟಿದ್ದು.

ಈಗಲೇ ಬದಲಾಯಿಸಬೇಕಾದ ಅಗತ್ಯವಿದೆಯೇ?

ಎಲ್ಲರಿಗೂ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್ ಪ್ರಕಟಿಸಿದ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಕೆಟ್ಟಿಲ್ಲದ, ದಿನವೂ ಕೆಲಸ ಮಾಡುತ್ತಿರುವ ಎಷ್ಟೋ ಯಂತ್ರಗಳು ಈ ಒಂದು ಷರತ್ತಿನಿಂದಾಗಿ ಮೂಲೆ ಸೇರುತ್ತಿವೆ. ಅಂಥ ಯಂತ್ರ ನಿಮ್ಮದಾಗಿದ್ದರೆ, ಭದ್ರತಾ ಅಪ್‌ಡೇಟ್ ಇಲ್ಲದ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತಾ ಕುಳಿತಿರುವುದಕ್ಕಿಂತ ಲಿನಕ್ಸ್‌ಗೆ ಹೋಗುವುದು ಖಂಡಿತವಾಗಿಯೂ ಒಳ್ಳೆಯದು. ನಿಮ್ಮ ಯಂತ್ರದಲ್ಲಿ ವಿಂಡೋಸ್ 11 ಚೆನ್ನಾಗಿ ನಡೆಯುತ್ತಿದ್ದು, ನಿಮ್ಮ ದುಡಿಮೆ ವಿಂಡೋಸ್‌ಗೆ ಮಾತ್ರ ಸಿಗುವ ತಂತ್ರಾಂಶವನ್ನು ಅವಲಂಬಿಸಿದ್ದರೆ ಅವಸರಪಡಬೇಕಾಗಿಲ್ಲ.

ನನ್ನ ಎಲ್ಲ ಕೆಲಸಗಳೂ ಲಿನಕ್ಸ್‌ನಲ್ಲಿ ನಡೆಯುತ್ತವೆಯೇ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ನಿಮ್ಮಲ್ಲೇ ಇದೆ. ಒಂದು ವಾರ ಕಂಪ್ಯೂಟರಿನ ಪಕ್ಕ ಒಂದು ಹಾಳೆ ಇಟ್ಟುಕೊಂಡು, ನೀವೂ ಮನೆಯವರೂ ತೆರೆಯುವ ಪ್ರತಿಯೊಂದು ತಂತ್ರಾಂಶದ ಹೆಸರನ್ನು ಬರೆಯುತ್ತಾ ಹೋಗಿ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬಳಸುವಂಥವನ್ನೂ ನೆನಪಿಸಿಕೊಂಡು ಸೇರಿಸಿ. ತೆರಿಗೆ ಲೆಕ್ಕದ ತಂತ್ರಾಂಶ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಸ್ಕ್ಯಾನರ್ ಇಂಥವೇ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತವೆ.

ಪಟ್ಟಿಯಲ್ಲಿ ಬ್ರೌಸರ್‌ನಲ್ಲೇ ನಡೆಯುವ ಕೆಲಸಗಳಿದ್ದರೆ ಚಿಂತೆಯಿಲ್ಲ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಲಿನಕ್ಸ್‌ಗೆ ಸಿಗುತ್ತವೆ. ಇಮೇಲ್, ವಿಡಿಯೊ ಕರೆ, ಬ್ಯಾಂಕಿನ ಜಾಲತಾಣಗಳು ಎಂದಿನಂತೆ ತೆರೆಯುತ್ತವೆ. ಸಿನಿಮಾ, ಹಾಡುಗಳಿಗೆ ವಿಎಲ್‌ಸಿ ಇದೆ. ಮೈಕ್ರೋಸಾಫ್ಟ್ ಆಫೀಸ್ ಮಾತ್ರ ನೇರವಾಗಿ ಅಳವಡಿಕೆಯಾಗುವುದಿಲ್ಲ. ಅದರ ಬ್ರೌಸರ್ ಆವೃತ್ತಿಯನ್ನು ಬಳಸಬಹುದು, ಇಲ್ಲವೇ ಲಿಬ್ರೆಆಫೀಸ್‌ಗೆ ಬದಲಾಯಿಸಿಕೊಳ್ಳಬಹುದು. ಮನೆಯ ಪತ್ರ, ಲೆಕ್ಕ, ಮಕ್ಕಳ ಪ್ರಾಜೆಕ್ಟ್‌ಗಳಿಗೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಆದರೆ ವರ್ಡ್‌ನಲ್ಲಿ ತಯಾರಾದ ಕಡತವನ್ನು ಅದರಲ್ಲಿ ತೆರೆದಾಗ ಒಂದೇ ಪುಟದಲ್ಲಿದ್ದ ಅರ್ಜಿಯ ಕೊನೆಯ ಎರಡು ಸಾಲುಗಳು ಮುಂದಿನ ಪುಟಕ್ಕೆ ಜಾರಿರುವುದನ್ನು ನೀವು ಕಾಣಬಹುದು. ಮೂಲ ಕಡತ ಬಳಸಿದ ಕ್ಯಾಲಿಬ್ರಿಯಂಥ ಫಾಂಟ್ ಯಂತ್ರದಲ್ಲಿ ಇಲ್ಲದಿರುವುದೇ ಹೆಚ್ಚಾಗಿ ಇದಕ್ಕೆ ಕಾರಣ. ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ ಇರುವಂತೆ ರೂಪಿಸಿದ ಕಾರ್ಲಿಟೊ ಎಂಬ ಫಾಂಟನ್ನು ಹಾಕಿಕೊಂಡರೆ ಸಾಲುಗಳು ಬಹುಮಟ್ಟಿಗೆ ತಮ್ಮ ಜಾಗಕ್ಕೆ ಮರಳುತ್ತವೆ. ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಬದಲಾಗಿ ಲಿಬರೇಷನ್ ಫಾಂಟುಗಳಿವೆ. ಎಕ್ಸೆಲ್‌ನ ಮ್ಯಾಕ್ರೋಗಳನ್ನು ನೆಚ್ಚಿಕೊಂಡವರು ತಮ್ಮ ಕಡತಗಳನ್ನು ಮೊದಲೇ ಪರೀಕ್ಷಿಸಲೇಬೇಕು. ಲಿಬ್ರೆಆಫೀಸ್ ವಿಂಡೋಸ್‌ಗೂ ಸಿಗುವುದರಿಂದ ಈ ಪರೀಕ್ಷೆಯನ್ನು ಇವತ್ತೇ ಮಾಡಬಹುದು. ನನ್ನ ಸಲಹೆಯೂ ಇದೇ: ಮೊದಲು ವಿಂಡೋಸ್‌ನಲ್ಲೇ ಇದ್ದುಕೊಂಡು ತಂತ್ರಾಂಶಗಳನ್ನು ಒಂದೊಂದಾಗಿ ಬದಲಾಯಿಸಿಕೊಳ್ಳಿ, ಆಪರೇಟಿಂಗ್ ಸಿಸ್ಟಂ ಸರದಿ ಕೊನೆಗೆ ಬರಲಿ.

ಚಿತ್ರ, ವಿಡಿಯೊ ಸಂಪಾದನೆಗೆ ಬಳಸುವ ಅಡೋಬಿಯ ಫೋಟೋಶಾಪ್, ಪ್ರೀಮಿಯರ್‌ನಂಥವು ಲಿನಕ್ಸ್‌ಗೆ ಬರುವುದಿಲ್ಲ. ಗಿಂಪ್, ಕ್ರಿಟಾ, ಇಂಕ್‌ಸ್ಕೇಪ್, ಕೆಡೆನ್‌ಲೈವ್ ಶಕ್ತಿಯುತವಾದವೇ ಆದರೂ ಅವುಗಳ ಕೆಲಸದ ರೀತಿ ಬೇರೆ. ಅದೇ ವೃತ್ತಿಯಾಗಿರುವವರಿಗೆ ಅವನ್ನು ಬದಲಿಯೆಂದು ಹೇಳಿ ಕೊಡುವುದು ಸರಿಯಲ್ಲ. ಆಟಗಳ ಮಟ್ಟಿಗೆ ಸ್ಥಿತಿ ಬಹಳ ಸುಧಾರಿಸಿದೆ. ವಾಲ್ವ್ ಸಂಸ್ಥೆ 2018ರಲ್ಲಿ ತಂದ ಪ್ರೋಟಾನ್ ಎಂಬ ತಂತ್ರಾಂಶದಿಂದಾಗಿ, ಆಟಗಳ ಮಳಿಗೆಯಾದ ಸ್ಟೀಮ್‌ನಲ್ಲಿರುವ ವಿಂಡೋಸ್ ಆಟಗಳಲ್ಲಿ ಬಹುಪಾಲು ಲಿನಕ್ಸ್‌ನಲ್ಲೂ ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್‌ನಂಥ ಆನ್‌ಲೈನ್ ಆಟಗಳು ಮಾತ್ರ ತಮ್ಮ ಮೋಸತಡೆ ವ್ಯವಸ್ಥೆಯ ಕಾರಣದಿಂದ ಓಡುವುದಿಲ್ಲ.

ಹಳೆಯ ಕಂಪ್ಯೂಟರ್ ಲಿನಕ್ಸ್‌ನಿಂದ ವೇಗವಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಅದರ ತಯಾರಕರು ಹೇಳಿದರೂ ಅವರೇ ಶಿಫಾರಸು ಮಾಡುವುದು 4 ಜಿಬಿ. ಇಂದಿನ ಜಾಲತಾಣಗಳು ನುಂಗುವ ರ‍್ಯಾಮ್ ಯಾವ ಆಪರೇಟಿಂಗ್ ಸಿಸ್ಟಂನಲ್ಲೂ ಕಡಿಮೆಯಾಗುವುದಿಲ್ಲವಾದ್ದರಿಂದ 8 ಜಿಬಿ ಇದ್ದರೆ ನೆಮ್ಮದಿ. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಅದರಿಂದ ಆಗುವ ವ್ಯತ್ಯಾಸ ಬೇರಾವುದರಿಂದಲೂ ಆಗದು. ಹಳೆಯ ಡಿಸ್ಕ್ ಮುಟ್ಟದ ಹಾಗೆ ಕಪಾಟಿನಲ್ಲಿ ಉಳಿಯುವುದರಿಂದ ಅದೇ ಒಂದು ಬ್ಯಾಕಪ್ ಕೂಡ ಆಗುತ್ತದೆ. 32 ಬಿಟ್‌ನ ಪ್ರೊಸೆಸರ್ ಇರುವ ತೀರಾ ಹಳೆಯ ಯಂತ್ರಗಳಿಗೆ ಈಗ ಆಯ್ಕೆಗಳು ಕಡಿಮೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಸಹ ಅವುಗಳಿಗೆ ಅಳವಡಿಕೆಯ ಮಾಧ್ಯಮವನ್ನು ಕೊಡುವುದನ್ನು ನಿಲ್ಲಿಸಿದೆ.

ಇಷ್ಟೊಂದು ಡಿಸ್ಟ್ರೋಗಳಲ್ಲಿ ಯಾವುದನ್ನು ಆರಿಸಲಿ?

ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ ಸಾಕು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಇರುವ ಅದರ ಪರದೆಯನ್ನು ನೋಡಿ ಯಾರೂ ದಾರಿ ತಪ್ಪುವುದಿಲ್ಲ. ಉಬುಂಟು 24.04ರ ಮೇಲೆ ಕಟ್ಟಿರುವ ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಉಬುಂಟುವನ್ನೇ ಆರಿಸುವುದಾದರೆ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲವಿರುವ) ಆವೃತ್ತಿಯನ್ನು ತೆಗೆದುಕೊಳ್ಳಿ. ಅದಕ್ಕೆ ಐದು ವರ್ಷಗಳ ಸಾಮಾನ್ಯ ಬೆಂಬಲವಿರುತ್ತದೆ. ಫೆಡೋರಾ ಹೊಸ ಹಾರ್ಡ್‌ವೇರ್‌ಗೆ ಚೆನ್ನಾಗಿ ಹೊಂದುತ್ತದೆ, ಆದರೆ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವುದರಿಂದ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಿಕೊಳ್ಳಬೇಕಾಗುತ್ತದೆ. ಬಹುತೇಕ ಎಲ್ಲವನ್ನೂ ನೀವೇ ಜೋಡಿಸಿಕೊಳ್ಳಬೇಕಾದ ಆರ್ಚ್‌ನಂಥವನ್ನು ಮೊದಲ ಸಲಕ್ಕೆ ಆರಿಸಬೇಡಿ.

ಅಳವಡಿಸದೆಯೇ ಪರೀಕ್ಷಿಸಿ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಡಿಸ್ಟ್ರೋದ ಅಧಿಕೃತ ತಾಣದಿಂದ ಐಎಸ್‌ಒ ಕಡತವನ್ನು (ಇಡೀ ಅಳವಡಿಕೆಯ ಮಾಧ್ಯಮವನ್ನು ಒಂದೇ ಕಡತವಾಗಿಸಿದ್ದು) ಇಳಿಸಿಕೊಂಡು, ಅಲ್ಲೇ ಕೊಟ್ಟಿರುವ, ಕಡತದ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಖ್ಯೆಯೊಂದಿಗೆ ಅದು ಹೊಂದುತ್ತದೆಯೇ ಎಂದು ತಾಳೆ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್ ಅಥವಾ ಯಾರಾದರೂ ತಿದ್ದಿದ ಕಡತ ಇಲ್ಲೇ ಸಿಕ್ಕಿಬೀಳುತ್ತದೆ. ನಂತರ ರೂಫಸ್ ಅಥವಾ ಎಚ್ಚರ್‌ನಂಥ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಕಂಪ್ಯೂಟರನ್ನು ಮತ್ತೆ ಆರಂಭಿಸುವಾಗ ತಯಾರಕರಿಗೆ ತಕ್ಕಂತೆ ಎಫ್12, ಎಫ್9, ಎಸ್ಕೇಪ್ ಮೊದಲಾದ ಕೀಲಿಗಳಲ್ಲಿ ಒಂದನ್ನು ಒತ್ತಿದರೆ ಎಲ್ಲಿಂದ ಬೂಟ್ ಆಗಬೇಕೆಂದು ಕೇಳುವ ಮೆನು ಬರುತ್ತದೆ. ಪೆನ್‌ಡ್ರೈವ್ ಆರಿಸಿದರೆ ಲಿನಕ್ಸ್ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಅಳವಡಿಕೆಯ ಐಕಾನ್ ಒತ್ತುವವರೆಗೆ ನಿಮ್ಮ ಹಾರ್ಡ್‌ಡಿಸ್ಕ್ ಇದ್ದ ಹಾಗೆಯೇ ಇರುತ್ತದೆ.

ಆ ಡೆಸ್ಕ್‌ಟಾಪ್ ಚೆಂದವಾಗಿದೆಯೆಂದು ನೋಡಿ ಮುಚ್ಚಿಬಿಡಬೇಡಿ. ವೈಫೈ ಪಟ್ಟಿಯಲ್ಲಿ ನಿಮ್ಮ ಮನೆಯ ಹೆಸರು ಬರುತ್ತದೆಯೇ, ಸಂಪರ್ಕ ಕಡಿಯದೆ ಉಳಿಯುತ್ತದೆಯೇ ಪರೀಕ್ಷಿಸಿ. ಒಂದು ವಿಡಿಯೊ ಹಾಕಿ ಸ್ಪೀಕರ್, ಹೆಡ್‌ಫೋನ್ ಎರಡರಲ್ಲೂ ಶಬ್ದ ಕೇಳಿ. ಕ್ಯಾಮೆರಾ, ಮೈಕ್, ಬ್ಲೂಟೂತ್ ಚಾಲೂ ಮಾಡಿ. ಪ್ರಿಂಟರ್‌ನಲ್ಲಿ ಒಂದು ಹಾಳೆ ಮುದ್ರಿಸಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ರೆಯಿಂದ ಎಚ್ಚರಗೊಳ್ಳದ ಲ್ಯಾಪ್‌ಟಾಪ್ ದಿನನಿತ್ಯ ಎಷ್ಟು ಕಾಟ ಕೊಡುತ್ತದೆಂಬುದು ಆ ಐದು ನಿಮಿಷದಲ್ಲೇ ತಿಳಿದುಬಿಡುತ್ತದೆ. ಪೆನ್‌ಡ್ರೈವ್‌ನಿಂದ ಓಡುವುದರಿಂದ ಎಲ್ಲವೂ ನಿಧಾನ ಎನಿಸಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬ್ಯಾಕಪ್ ಮಾಡುವಾಗ ಜನ ಸಾಮಾನ್ಯವಾಗಿ ಏನನ್ನು ಮರೆಯುತ್ತಾರೆ?

ಫೋಟೋ ಮತ್ತು ಡಾಕ್ಯುಮೆಂಟ್‌ಗಳನ್ನು ಯಾರೂ ಮರೆಯುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು, ಔಟ್‌ಲುಕ್ ತನ್ನ ಪಿಎಸ್‌ಟಿ ಕಡತದಲ್ಲಿ ತುಂಬಿಟ್ಟ ಹಳೆಯ ಮೇಲ್‌ಗಳು, ಹಣ ಕೊಟ್ಟು ಕೊಂಡ ತಂತ್ರಾಂಶಗಳ ಲೈಸೆನ್ಸ್ ಕೀಗಳು, ಲೆಕ್ಕಪತ್ರದ ತಂತ್ರಾಂಶ ಸಿ ಡ್ರೈವ್‌ನ ಯಾವುದೋ ಮೂಲೆಯಲ್ಲಿ ಇಟ್ಟುಕೊಂಡ ಡೇಟಾ, ಇವು ಮರೆತುಹೋಗುತ್ತವೆ. ಒನ್‌ಡ್ರೈವ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಫೋಲ್ಡರ್‌ನಲ್ಲಿ ಕಾಣುವ ಕಡತದ ಪಕ್ಕ ಮೋಡದ ಗುರುತಿದ್ದರೆ ಆ ಕಡತ ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಅದರ ಹೆಸರಷ್ಟೇ ಇದೆ.

ಬ್ಯಾಕಪ್‌ನ ಎರಡು ಪ್ರತಿಗಳಿರಲಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಕಡೆ. ನಕಲು ಮುಗಿದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಅಲ್ಲಲ್ಲಿ ಹತ್ತಾರು ಕಡತಗಳನ್ನು ನಿಜವಾಗಿ ತೆರೆದು ನೋಡಿ. ಹಾಗೆ ನೋಡದ ಬ್ಯಾಕಪ್ಪನ್ನು ನಂಬಿ ಡಿಸ್ಕ್ ಅಳಿಸಬೇಡಿ.

ಬಿಟ್‌ಲಾಕರ್ ಇದ್ದರೆ ಏನು ಮಾಡಬೇಕು?

ಇತ್ತೀಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ವಿಂಡೋಸ್‌ನ ಬಿಟ್‌ಲಾಕರ್ ವ್ಯವಸ್ಥೆಯಿಂದ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿರುತ್ತದೆ. ಬಳಕೆದಾರರಿಗೆ ಅದರ ಅರಿವೇ ಇರುವುದಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲೇ ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ವ್ಯವಸ್ಥೆಯಲ್ಲಿ), ಸಹಿಯಿಲ್ಲದ ತಂತ್ರಾಂಶದಿಂದ ಯಂತ್ರ ಆರಂಭವಾಗದಂತೆ ತಡೆಯುವ ಸೆಕ್ಯೂರ್ ಬೂಟ್‌ನಂಥ ಯಾವುದಾದರೂ ಆಯ್ಕೆಯನ್ನು ಬದಲಾಯಿಸಿ ಮತ್ತೆ ವಿಂಡೋಸ್ ತೆರೆಯಹೋದರೆ ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದವರಿಗೆ ಒಳಗಿನ ಕಡತಗಳು ಸಿಗುವುದಿಲ್ಲ, ಯಾವ ತಂತ್ರಜ್ಞರಿಂದಲೂ ಅದು ಸಾಧ್ಯವಿಲ್ಲ. ಆದ್ದರಿಂದ ಬಯಾಸ್‌ಗೆ ಕೈಹಾಕುವ ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಆ ಕೀಯನ್ನು ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಡಿಸ್ಕ್‌ನ ವಿಭಾಗಗಳನ್ನು (ಪಾರ್ಟಿಷನ್‌ಗಳನ್ನು) ಕಿರಿದುಗೊಳಿಸುವ ಮುನ್ನ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯುವುದು ಸುರಕ್ಷಿತ.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದೇ?

ಡ್ಯುಯಲ್ ಬೂಟ್ ಎಂಬ ಈ ವ್ಯವಸ್ಥೆ ಸಾಧ್ಯ. ಹಲವರಿಗೆ ಮೊದಲ ಕೆಲವು ತಿಂಗಳು ಅದು ಧೈರ್ಯ ಕೊಡುತ್ತದೆ. ಎರಡಕ್ಕೂ ಬೇರೆ ಬೇರೆ ಡಿಸ್ಕ್ ಇದ್ದರೆ ಬಹಳ ಒಳ್ಳೆಯದು. ಒಂದೇ ಡಿಸ್ಕ್ ಆದರೆ ವಿಂಡೋಸ್ ವಿಭಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕಿರಿದುಗೊಳಿಸಿ ಜಾಗ ಬಿಡಿಸಿಕೊಳ್ಳಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುವುದರಿಂದ ಆ ವಿಭಾಗಕ್ಕೆ ಲಿನಕ್ಸ್ ಏನನ್ನೂ ಬರೆಯಲಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸಿದರೆ ಗಾಬರಿಯಾಗಬೇಡಿ: ಯಂತ್ರದ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನೂ ಇಟ್ಟುಕೊಳ್ಳುತ್ತವೆ, ಒಂದು ಸೆಟ್ಟಿಂಗ್‌ನಿಂದ ಇದನ್ನು ಸರಿಪಡಿಸಬಹುದು.

ವಿಂಡೋಸ್ ಅಪ್‌ಡೇಟ್‌ಗಳಿಂದ ಬೂಟ್ ವ್ಯವಸ್ಥೆ ಕೆಡುವ ಸಂಭವ ಮಾತ್ರ ಇದ್ದೇ ಇರುತ್ತದೆ. 2024ರ ಆಗಸ್ಟ್‌ನ ಭದ್ರತಾ ಅಪ್‌ಡೇಟ್ ಬಂದಾಗ ಡ್ಯುಯಲ್ ಬೂಟ್ ಇದ್ದ ಕೆಲವು ಯಂತ್ರಗಳಲ್ಲಿ ಲಿನಕ್ಸ್ ಆರಂಭವೇ ಆಗದೆ ನಿಂತಿತ್ತು. ಆದ್ದರಿಂದ ಲಿನಕ್ಸ್ ಪೆನ್‌ಡ್ರೈವನ್ನು ಅಳವಡಿಕೆ ಮುಗಿದ ಮೇಲೂ ಅಳಿಸದೆ ಇಟ್ಟುಕೊಳ್ಳಿ. ದುರಸ್ತಿಗೆ ಅದೇ ಬೇಕಾಗುತ್ತದೆ.

ಅಳವಡಿಕೆಯಲ್ಲಿ ಅಪಾಯಕಾರಿ ಹಂತ ಯಾವುದು?

ಒಂದೇ ಒಂದು: ಲಿನಕ್ಸನ್ನು ಡಿಸ್ಕ್‌ನಲ್ಲಿ ಎಲ್ಲಿ ಹಾಕಬೇಕೆಂದು ಕೇಳುವ ಪರದೆ. ಇಡೀ ಡಿಸ್ಕ್ ಅಳಿಸಿ ಅಳವಡಿಸುವ ಆಯ್ಕೆಯೂ ವಿಂಡೋಸ್‌ನ ಪಕ್ಕದಲ್ಲಿ ಅಳವಡಿಸುವ ಆಯ್ಕೆಯೂ ಅಲ್ಲಿ ಒಂದರ ಕೆಳಗೊಂದು ಇರುತ್ತವೆ. ಡಿಸ್ಕ್‌ಗಳನ್ನು ಡ್ರೈವ್ ಅಕ್ಷರಗಳಿಂದಲ್ಲದೆ ಎಸ್‌ಡಿಎ, ಎಸ್‌ಡಿಬಿ ಎಂಬಂಥ ಹೆಸರುಗಳಿಂದ ತೋರಿಸಲಾಗುತ್ತದೆ. ಹೆಸರನ್ನು ನೋಡಿ ಊಹಿಸಬೇಡಿ, ಡಿಸ್ಕ್‌ನ ಗಾತ್ರ ಮತ್ತು ತಯಾರಕರ ಹೆಸರನ್ನು ಓದಿ. ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ಆ ಹೊತ್ತಿಗೆ ಕಿತ್ತು ದೂರ ಇಟ್ಟಿದ್ದರೆ ತಪ್ಪಿ ಅದನ್ನು ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿರಲಿ. ಎನ್‌ಕ್ರಿಪ್ಷನ್ ಆರಿಸಿದರೆ ಅದರ ಪಾಸ್‌ವರ್ಡನ್ನು ಬರೆದಿಡಿ.

ವೈಫೈ ಕಾಣುತ್ತಿಲ್ಲ, ಅಥವಾ ಪರದೆ ಸರಿಯಾಗಿಲ್ಲ. ಏನು ಮಾಡಲಿ?

ಹಾರ್ಡ್‌ವೇರನ್ನು ನಡೆಸುವ ಡ್ರೈವರ್ ತಂತ್ರಾಂಶಗಳಲ್ಲಿ ಹೆಚ್ಚಿನವು ಕರ್ನೆಲ್‌ನೊಳಗೇ ಇರುತ್ತವೆ. ಬ್ರಾಡ್‌ಕಾಮ್‌ನ ಕೆಲವು ವೈಫೈ ಚಿಪ್‌ಗಳಿಗೆ ಮತ್ತು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕಾಗುತ್ತದೆ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ತಾತ್ಕಾಲಿಕವಾಗಿ ಇಂಟರ್ನೆಟ್ ಸಿಗುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದನ್ನು ಅದೇ ಸೂಚಿಸುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಮುಂದಿನ ಸಲ ಕಂಪ್ಯೂಟರ್ ಆರಂಭವಾಗುವಾಗ ಬರುವ ಪರದೆಯಲ್ಲಿ ಎನ್‌ರೋಲ್ ಎಂಬುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವು ಸೆಕೆಂಡುಗಳಷ್ಟೇ ಕಾಯುತ್ತದೆ. ನೋಡದೆ ಬಿಟ್ಟರೆ ಡ್ರೈವರ್ ಹಾಕಿದ್ದರೂ ಕೆಲಸ ಮಾಡುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ? ನನ್ನ ಹಳೆಯ ಕನ್ನಡ ಕಡತಗಳ ಗತಿಯೇನು?

ಟೈಪ್ ಮಾಡುವುದಕ್ಕೆ ತೊಂದರೆಯಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ವಿನ್ಯಾಸಗಳು ಸಿಗುತ್ತವೆ. ಐಬಸ್ ಎಂಬ ವ್ಯವಸ್ಥೆಯ ಮೂಲಕ ಲಿಪ್ಯಂತರಣದ ವಿಧಾನವನ್ನೂ ಪಡೆಯಬಹುದು. ಲೋಹಿತ್, ಗುಬ್ಬಿ, ನವಿಲು, ನೋಟೊ ಫಾಂಟುಗಳು ಉಚಿತವಾಗಿ ಲಭ್ಯ. ಮೆನುಗಳ ಕನ್ನಡ ಅನುವಾದ ಮಾತ್ರ ಎಲ್ಲ ಕಡೆ ಪೂರ್ಣವಾಗಿಲ್ಲ.

ಎಚ್ಚರ ಬೇಕಾದದ್ದು ಹಳೆಯ ಕಡತಗಳ ವಿಷಯದಲ್ಲಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಂಥ ಲೇಖನಗಳು, ವಂಶಾವಳಿಗಳು, ಹಿರಿಯರು ಟೈಪ್ ಮಾಡಿಸಿಟ್ಟ ನೆನಪುಗಳು ಮನೆಯಲ್ಲಿದ್ದರೆ, ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಿ. ಜೊತೆಗೆ ಪ್ರತಿಯೊಂದರ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಲಿನಕ್ಸ್‌ಗೆ ಹೋಗದವರೂ ಮಾಡಬೇಕಾದ ಕೆಲಸವಿದು.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲವೇ?

ಬರುವುದೇ ಇಲ್ಲವೆನ್ನುವುದು ತಪ್ಪು. ತಂತ್ರಾಂಶಗಳನ್ನು ಕಂಡಕಂಡ ತಾಣಗಳಿಂದ ಇಳಿಸಿಕೊಳ್ಳದೆ, ಸಹಿ ಮಾಡಿದ ಅಧಿಕೃತ ಭಂಡಾರದಿಂದಲೇ ಪಡೆಯುವ ಪದ್ಧತಿಯಿಂದಾಗಿ ಅಪಾಯ ಬಹಳ ಕಡಿಮೆಯಾಗುತ್ತದೆ. ಮನೆಯ ಬಳಕೆಗೆ ಪ್ರತ್ಯೇಕ ಆಂಟಿವೈರಸ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೂ 2024ರ ಮಾರ್ಚ್‌ನ ಎಕ್ಸ್‌ಝಡ್ ಪ್ರಕರಣವನ್ನು ತಿಳಿದಿರಬೇಕು. ಡೇಟಾ ಕುಗ್ಗಿಸುವ ಒಂದು ಸಣ್ಣ ತಂತ್ರಾಂಶದ ನಿರ್ವಾಹಕರ ವಿಶ್ವಾಸವನ್ನು ವರ್ಷಗಳ ಕಾಲ ಗಳಿಸಿಕೊಂಡ ವ್ಯಕ್ತಿಯೊಬ್ಬರು ಅದರೊಳಗೆ ಹಿಂಬಾಗಿಲೊಂದನ್ನು ಸೇರಿಸಿದ್ದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅದರ ಮೂಲ ಹುಡುಕಿ ಬಯಲಿಗೆ ತಂದರು. ಉಬುಂಟು, ಡೆಬಿಯನ್‌ಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪಿರಲಿಲ್ಲ. ಸೋರ್ಸ್ ಕೋಡ್ ತೆರೆದಿದ್ದರಿಂದ ಹೊರಗಿನವರೊಬ್ಬರಿಗೆ ತನಿಖೆ ಸಾಧ್ಯವಾಯಿತು. ತೆರೆದಿದ್ದ ಮಾತ್ರಕ್ಕೆ ಒಳನುಸುಳುವಿಕೆ ತಪ್ಪಲಿಲ್ಲ. ಮನೆಯ ಬಳಕೆಗೆ ತೀರಾ ಹೊಸತಕ್ಕಿಂತ ಸ್ಥಿರ ಆವೃತ್ತಿಯೇ ಲೇಸೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಮೋಸದ ಲಿಂಕ್‌ಗೆ ಪಾಸ್‌ವರ್ಡ್ ಕೊಟ್ಟರೆ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಕಾಪಾಡಲಾರದು.

ಕಪ್ಪು ಪರದೆಯಲ್ಲಿ ಕಮಾಂಡ್‌ಗಳನ್ನು ಟೈಪ್ ಮಾಡಲೇಬೇಕೇ?

ದಿನದ ಬಳಕೆಗೆ ಬೇಕಿಲ್ಲ. ಸಮಸ್ಯೆಗೆ ಪರಿಹಾರ ಹುಡುಕುವಾಗ ಮಾತ್ರ ಕಮಾಂಡ್‌ಗಳು ಎದುರಾಗುತ್ತವೆ. ಸುಡೊ ಎಂದು ಆರಂಭವಾಗುವ ಸಾಲಿಗೆ ಇಡೀ ಯಂತ್ರದ ಮೇಲೆ ಅಧಿಕಾರವಿರುವುದರಿಂದ, ಅದು ಏನು ಮಾಡುತ್ತದೆಂದು ತಿಳಿಯದೆ ಎಲ್ಲಿಂದಲೋ ನಕಲು ಮಾಡಿ ಅಂಟಿಸಬೇಡಿ.

ಅಪ್‌ಡೇಟ್ ನಂತರ ಏನಾದರೂ ಕೆಟ್ಟರೆ?

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನ ಮೊದಲೇ ಇರುತ್ತದೆ. ಅಳವಡಿಕೆಯಾದ ದಿನವೇ ಅದನ್ನು ಚಾಲೂ ಮಾಡಿದರೆ ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ದಾಖಲಿಸಿಡುತ್ತದೆ; ಕೆಟ್ಟಾಗ ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಆದರೆ ಅದು ಕಾಯುವುದು ವ್ಯವಸ್ಥೆಯ ಕಡತಗಳನ್ನು. ನಿಮ್ಮ ಫೋಟೋ, ಬರಹಗಳನ್ನು ಅದು ಸಹಜವಾಗಿ ಹೊರಗಿಡುವುದರಿಂದ ಅವುಗಳಿಗೆ ಬೇರೆ ಬ್ಯಾಕಪ್ ಇರಲೇಬೇಕು.

ಹಿಡಿಸದಿದ್ದರೆ ವಿಂಡೋಸ್‌ಗೆ ಮರಳಬಹುದೇ?

ಮರಳಬಹುದು. ವಿಂಡೋಸ್ 10 ಮತ್ತು 11ರ ಡಿಜಿಟಲ್ ಲೈಸೆನ್ಸ್ ಯಂತ್ರದ ಹಾರ್ಡ್‌ವೇರ್‌ಗೆ ಜೋಡಣೆಯಾಗಿರುವುದರಿಂದ ಡಿಸ್ಕ್ ಅಳಿಸಿದರೂ ಅದು ಹೋಗುವುದಿಲ್ಲ. ಅದೇ ಆವೃತ್ತಿಯನ್ನು ಮತ್ತೆ ಅಳವಡಿಸಿ ಇಂಟರ್ನೆಟ್‌ಗೆ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಹೊರಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಸ್ಥಿತಿಯನ್ನು ನೋಡಿ, ಹೋಮ್ ಅಥವಾ ಪ್ರೊ ಯಾವುದೆಂದು ಬರೆದುಕೊಳ್ಳಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಅಳವಡಿಕೆಯ ಮಾಧ್ಯಮವನ್ನೂ ಸಿದ್ಧಮಾಡಿ ಇಟ್ಟುಕೊಳ್ಳಿ. ಆ ಟೂಲ್ ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ, ಡಿಸ್ಕ್ ಅಳಿಸಿದ ಮೇಲೆ ಅದಕ್ಕಾಗಿ ಬೇರೆಯವರ ಕಂಪ್ಯೂಟರ್ ಹುಡುಕಬೇಕಾಗುತ್ತದೆ.